ಹಳೆಯ ದೊಡ್ಡ ಸ್ಪೀಕರಿನಲ್ಲಿ ಹಾಳಾಗುವುದು ಏನು, ಮುಟ್ಟಬಾರದ್ದು ಏನು

ನೆಲದ ಮೇಲೇ ನಿಲ್ಲುವ ಹಳೆಯ ದೊಡ್ಡ ಸ್ಟೀರಿಯೊ ಸ್ಪೀಕರ್‌ಗಳು ಎರಡು ರೀತಿಯಲ್ಲಿ ಕೈತಪ್ಪುತ್ತಿವೆ. ಬೇಸ್ ನುಡಿಸುವ ದೊಡ್ಡ ಕೋನಿನ, ಅಂದರೆ ವೂಫರಿನ, ಅಂಚು ಪುಡಿಪುಡಿಯಾಗಿದ್ದನ್ನು ಕಂಡು "ಇದರ ಕಥೆ ಮುಗಿಯಿತು" ಎಂದು ಗುಜರಿಗೆ ಹಾಕುವವರಿದ್ದಾರೆ. "ಸುಧಾರಿಸಿಬಿಡೋಣ" ಎಂದು ಒಳಗಿನ ವೂಫರ್, ತೀಕ್ಷ್ಣ ಸ್ವರದ ಟ್ವೀಟರ್, ಯಾವ ಸ್ವರ ಯಾವುದಕ್ಕೆ ಎಂದು ಹಂಚುವ ಕ್ರಾಸ್‌ಓವರ್ ಎಲ್ಲವನ್ನೂ ಕಿತ್ತು ಹೊಸದು ತುಂಬುವವರೂ ಇದ್ದಾರೆ. ನನ್ನ ಮಟ್ಟಿಗೆ ಎರಡನೆಯದೇ ದೊಡ್ಡ ನಷ್ಟ. ಗುಜರಿಗೆ ಹೋದದ್ದನ್ನು ಯಾರಾದರೂ ಎತ್ತಿ ತಂದು ಸರಿಮಾಡಬಹುದು, ಒಳಗೆಲ್ಲ ಬದಲಾದದ್ದನ್ನು ಮೊದಲಿನಂತೆ ಮಾಡುವುದು ಕಷ್ಟ. ಇವುಗಳಲ್ಲಿ ವಯಸ್ಸಿನಿಂದ ಹಾಳಾಗುವ ಭಾಗಗಳು ಮೂರೋ ನಾಲ್ಕೋ. ಅವನ್ನು ಮೊದಲಿದ್ದಂಥದ್ದೇ ಹಾಕಿ ಬದಲಿಸಿ, ಉಳಿದದ್ದನ್ನು ಮುಟ್ಟಬೇಡಿ ಎಂಬುದು ಈ ಬರಹದ ಒಟ್ಟು ಬೇಡಿಕೆ.

ಇಷ್ಟು ಕಷ್ಟಪಟ್ಟು ಉಳಿಸಿಕೊಳ್ಳಬೇಕೇ ಎಂದರೆ ಲೆಕ್ಕ ಸರಳ. ವ್ಯಾಸ ಎರಡು ಪಟ್ಟಾದರೆ ಕೋನಿನ ಮೈ ನಾಲ್ಕು ಪಟ್ಟಾಗುತ್ತದೆ. 6 ಇಂಚಿನ ಕೋನ್ ತಳ್ಳುವಷ್ಟು ಗಾಳಿಯನ್ನು 12 ಇಂಚಿನ ಕೋನ್ ಕಾಲು ಭಾಗ ಅಲುಗಾಡಿ ತಳ್ಳುತ್ತದೆ. ಸ್ವರ ಒಂದು ಸ್ಥಾಯಿ ಕೆಳಗಿಳಿದರೆ ಅದೇ ಜೋರಿಗೆ ಕೋನ್ ನಾಲ್ಕು ಪಟ್ಟು ಅಲುಗಬೇಕು. ಚಿಕ್ಕ ಕೋನ್ ಇಲ್ಲಿ ಏದುಸಿರು ಬಿಡುತ್ತದೆ, ದೊಡ್ಡದು ನಿರಾಳವಾಗಿರುತ್ತದೆ. ಮೃದಂಗದ ಎಡಗಡೆಯ ಗುಮ್ಮೆನ್ನುವ ನಾದ, ತಂಬೂರದ ಮಂದ್ರದ ತಂತಿ ಇಂಥ ಪೆಟ್ಟಿಗೆಯಲ್ಲಿ ದನಿ ಏರಿಸದೆಯೂ ತುಂಬಿ ಬರುವುದು ಇದೇ ಕಾರಣಕ್ಕೆ.

ಅಮೆರಿಕದ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಎಡ್ಗರ್ ವಿಲ್ಚರ್ 1954ರಲ್ಲಿ ತಮ್ಮ ಅಕೌಸ್ಟಿಕ್ ರಿಸರ್ಚ್ (ಎಆರ್) ಕಂಪನಿಯಿಂದ ಎಆರ್-1 ಸ್ಪೀಕರ್ ಹೊರತಂದಾಗ ಹೊಸತಾಗಿದ್ದ ವಿಚಾರ ಒಂದೇ: ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿ, ಒಳಗಿನ ಗಾಳಿಯನ್ನೇ ಕೋನಿಗೆ ಸ್ಪ್ರಿಂಗ್ ಮಾಡುವುದು. ಅವರ ಜೊತೆಗಿದ್ದ ಹೆನ್ರಿ ಕ್ಲಾಸ್ ಮುಂದೆ ಅಡ್ವೆಂಟ್ ಕಂಪನಿ ಕಟ್ಟಿ 1969ರಲ್ಲಿ ದೊಡ್ಡ ಅಡ್ವೆಂಟ್ ಸ್ಪೀಕರ್ ತಂದರು. ಇದೇ ಮುಚ್ಚಿದ ಪೆಟ್ಟಿಗೆಯ ಪರಂಪರೆಯಲ್ಲಿ 1978ರ ಎಆರ್9 ಬಂತು: ಇಕ್ಕೆಲಗಳಲ್ಲಿ ಒಂದೊಂದು 12 ಇಂಚಿನ ವೂಫರ್, ಮುಂದೆ ನಡುಸ್ವರಗಳಿಗೆ 8 ಇಂಚಿನ ಮಿಡ್‌ರೇಂಜ್, ಮೇಲೆ ಗುಮ್ಮಟದಾಕಾರದ ಎರಡು ಡೋಮ್. ಒಂದೊಂದರ ತೂಕ ಸುಮಾರು 59 ಕೆಜಿ. ಇನ್ನೊಂದು ಪರಂಪರೆ ಅರ್ಕನ್ಸಾದ ಹೋಪ್ ಎಂಬ ಊರಿನ ಪಾಲ್ ಕ್ಲಿಪ್ಷ್ ಅವರದು: ಕಹಳೆಯಂತೆ ಅಗಲವಾಗುತ್ತಾ ಹೋಗುವ ಹಾರ್ನ್ ಬಳಸುವ ಕ್ಲಿಪ್ಷ್‌ಹಾರ್ನ್, ಕಾರ್ನ್‌ವಾಲ್, ಲಾ ಸ್ಕಾಲಾ. ನೀವು ಕೊಳ್ಳಲಿರುವುದು ಇವೆರಡರಲ್ಲಿ ಯಾವ ಜಾತಿಯದು ಎಂಬುದರ ಮೇಲೆ ಮುಂದಿನ ಕೆಲವು ಪರೀಕ್ಷೆಗಳು ನಿಂತಿವೆ.

ಮೊದಲು ಮುಂದಿನ ಮುಚ್ಚಳ, ಅಂದರೆ ಗ್ರಿಲ್, ಬಿಚ್ಚಿಸಿ. "ಗ್ರಿಲ್ ಬರಲ್ಲ ಸಾರ್" ಎನ್ನುವ ಕಡೆ ಕೊಳ್ಳಬೇಡಿ. ಕೋನಿನ ಸುತ್ತ ಬಳೆಯ ಹಾಗಿರುವ ಅಂಚು ಯಾವುದರದ್ದು ನೋಡಿ. ನೆರಿಗೆ ನೆರಿಗೆಯಾದ ಬಟ್ಟೆಯದಾದರೆ ನಿಶ್ಚಿಂತೆ, ಕ್ಲಿಪ್ಷ್‌ನ ಹಳೆಯ ವೂಫರ್‌ಗಳಲ್ಲಿ ಇರುವುದು ಅದೇ. 1970ರ ದಶಕದ, ಬ್ರಿಟನ್ನಿನ ಕೆಇಎಫ್ ಕಂಪನಿಯ ಹಲವು ಯೂನಿಟ್‌ಗಳಂತೆ (ಬಿಡಿ ವೂಫರ್, ಟ್ವೀಟರ್‌ಗಳಿಗೆ ಯೂನಿಟ್ ಎನ್ನುತ್ತಾರೆ) ರಬ್ಬರಾದರೂ ಸಾಮಾನ್ಯವಾಗಿ ತೊಂದರೆಯಿಲ್ಲ. ಫೋಮ್ ಆದರೆ ಬೆರಳ ತುದಿಯಿಂದ ಮೆತ್ತಗೆ ಮುಟ್ಟಿ. ಅಂಟಂಟಾಗಿದ್ದರೆ ಅಥವಾ ಪುಡಿ ಕೈಗೆ ಹತ್ತಿದರೆ ಅದು ಹೋಗಿದೆ. ಗಾಳಿಯ ತೇವ ಫೋಮಿನ ಪಾಲಿಯುರೆಥೇನನ್ನು ಒಳಗೇ ಒಡೆಯುತ್ತಾ ಬರುವುದರಿಂದ ಸ್ಪೀಕರ್ ಹಾಡಿದರೂ ಹಾಡದಿದ್ದರೂ 15-20 ವರ್ಷಕ್ಕೆ ಅಂಚು ಸಾಯುತ್ತದೆ. "ಬಳಸೇ ಇಲ್ಲ, ಹೊಸದರ ಹಾಗಿದೆ" ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ. ಮಂಗಳೂರು, ಉಡುಪಿ, ಕಾರವಾರದ ತೇವದಲ್ಲಿ ಇದು ಇನ್ನೂ ಬೇಗ.

ಮುಂದೆ, ಐದೂ ಬೆರಳನ್ನು ಕೋನಿನ ಮೇಲೆ ಸಮನಾಗಿ ಹರಡಿ ನಿಧಾನಕ್ಕೆ ಒಳಗೆ ಒತ್ತಿ. ಕರಕರ ಎಂದರೆ ವಾಯ್ಸ್ ಕಾಯಿಲ್, ಅಂದರೆ ಕೋನಿನ ಹಿಂದೆ ಮ್ಯಾಗ್ನೆಟ್ಟಿನ ಸಂದಿನಲ್ಲಿ ಆಡುವ ತಂತಿಯ ಸುರುಳಿ, ಉಜ್ಜುತ್ತಿದೆ. ಸುಟ್ಟು ಉಬ್ಬಿರಬಹುದು, ಅಥವಾ ಪೆಟ್ಟಿಗೆ ಬಿದ್ದು ಮ್ಯಾಗ್ನೆಟ್ ಜರುಗಿರಬಹುದು. ಅಂಚು ಹೋದದ್ದು ಬೆಲೆ ಇಳಿಸಿ ಕೇಳಲು ಕಾರಣ, ಕರಕರ ಕೊಳ್ಳದೇ ಬರಲು ಕಾರಣ. ಮುಚ್ಚಿದ ಪೆಟ್ಟಿಗೆಯಲ್ಲಿ ಒತ್ತಿ ಬಿಟ್ಟಾಗ ಕೋನ್ ಉಸಿರೆಳೆದಂತೆ ಮೆಲ್ಲಗೆ ಹಿಂದೆ ಬರಬೇಕು. ಟಪ್ಪನೆ ಬಂದರೆ ಎಲ್ಲೋ ಗಾಳಿ ಸೋರುತ್ತಿದೆ. ತೂತಿರುವ ಬೇಸ್ ರಿಫ್ಲೆಕ್ಸ್ ಪೆಟ್ಟಿಗೆಗೆ ಈ ಪರೀಕ್ಷೆ ಹೊಂದುವುದಿಲ್ಲ. ವೂಫರ್ ಕಣ್ಣಿಗೇ ಬೀಳದ ಪೆಟ್ಟಿಗೆಗಳೂ ಇವೆ: ಕೆಇಎಫ್ 104/2ರಲ್ಲಿ ಎರಡು ವೂಫರ್ ಒಳಗೇ ಅಡಗಿದ್ದು ಬೇಸ್ ಮುಂದಿನ ಕಿಂಡಿಯಿಂದ ಬರುತ್ತದೆ. ಅಂಥದ್ದನ್ನು ನುಡಿಸಿ ಕೇಳದೆ ತರಬೇಡಿ.

ಮಲ್ಟಿಮೀಟರ್ ಜೇಬಲ್ಲಿರಲಿ. 8 ಓಮ್ ಎಂದು ಬರೆದಿರುವ ವೂಫರ್ ಮೀಟರಿನಲ್ಲಿ 5.5ರಿಂದ 7ರೊಳಗೆ ತೋರಿಸುತ್ತದೆ, 4 ಓಮಿನದು 3ರಿಂದ 3.5. ಬಳಿಕ ಆಂಪನ್ನು (ಆಂಪ್ಲಿಫೈಯರ್) ಎಡ ಬಲ ಎರಡಕ್ಕೂ ಒಂದೇ ದನಿ ಕೊಡುವ ಮೋನೊಗೆ ಹಾಕಿ, ಬ್ಯಾಲೆನ್ಸ್ ಗುಂಡಿಯನ್ನು ಅತ್ತ ಇತ್ತ ತಿರುಗಿಸುತ್ತಾ ಒಂದೊಂದು ಯೂನಿಟ್ಟಿಗೂ ಕಿವಿ ಹತ್ತಿರ ಇಡಿ. ಎರಡು ಪೆಟ್ಟಿಗೆಯ ಟ್ವೀಟರ್‌ಗಳ ದನಿ ಒಂದೇ ಸಮ ಇರಬೇಕು.

ಈಗ ಅಂಚು ಬದಲಿಸುವ ಕೆಲಸ. ಇದಕ್ಕೆ ತಾಳ್ಮೆ ಬೇಕೇ ಹೊರತು ದೊಡ್ಡ ವಿದ್ಯೆ ಬೇಕಿಲ್ಲ. "10 ಇಂಚಿನ ಫೋಮ್ ಕೊಡಿ" ಎಂದು ತರಿಸಿದರೆ ಹೊಂದದಿರುವ ಸಾಧ್ಯತೆಯೇ ಹೆಚ್ಚು. ಕೋನಿನ ಹೊರ ವ್ಯಾಸ, ಅಂಚಿನ ಉಬ್ಬಿದ ಭಾಗದ ಒಳ ಮತ್ತು ಹೊರ ವ್ಯಾಸ, ಚೌಕಟ್ಟಿನ ಅಂಟುವ ಜಾಗದ ವ್ಯಾಸ ಈ ನಾಲ್ಕನ್ನೂ ಮಿಲಿಮೀಟರಿನಲ್ಲಿ ಅಳೆದು ಬರೆದುಕೊಳ್ಳಿ. ದೊಡ್ಡ ಅಡ್ವೆಂಟ್‌ನ ಮೊದಲ ಮಾದರಿಯ ವೂಫರ್ ಹೊರಗೆ 12 ಇಂಚಿನದರಂತೆ ಕಂಡರೂ ಸುತ್ತಲಿನದು ಮ್ಯಾಸೊನೈಟ್ ಹಲಗೆಯ ಬಳೆ, ಒಳಗಿರುವುದು 10 ಇಂಚಿನದು. ಅದಕ್ಕೆ ಅದರದೇ ಫೋಮ್ ಬೇಕು.

ವೂಫರ್ ಬಿಚ್ಚುವಾಗ ಯಾವ ಬಣ್ಣದ ತಂತಿ ಯಾವ ಕಡೆಗೆ ಎಂದು ಫೋಟೊ ತೆಗೆದಿಟ್ಟುಕೊಳ್ಳಿ. ಒಳಗಿನ ಗಾಜಿನುಣ್ಣೆಗೆ ಮಾಸ್ಕ್, ಕೈಗವಸು ಹಾಕಿಯೇ ಕೈಯಿಡಿ, ತೆಗೆದಷ್ಟನ್ನೂ ತಿರುಗಿ ತುಂಬಿ. ಹಳೆಯ ಫೋಮನ್ನು ಮೊದಲು ಬೆರಳಿನಿಂದ, ಆಮೇಲೆ ಮೊಂಡು ಚಾಕುವಿನಿಂದ ಕೆರೆದು, ಉಳಿದ ಅಂಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ಮೆತ್ತಗಾಗಿಸಿ ತೆಗೆಯಿರಿ. ಕೋನಿನ ಮೇಲೆ ಹಳೆಯ ಅಂಟಿನ ಗಂಟು ಉಳಿದರೆ ಹೊಸ ಅಂಚು ಓರೆಯಾಗಿ ಕೂರುತ್ತದೆ, ಕೆಲಸ ಕೆಡುವುದು ಸಾಮಾನ್ಯವಾಗಿ ಇಲ್ಲೇ. ಕಾಗದದ ಕೋನಿಗೆ ಫೆವಿಕಾಲ್‌ನಂಥ ಬಿಳಿ ಅಂಟು ಸಾಕು, ಒದ್ದೆ ಇರುವಷ್ಟು ಹೊತ್ತು ಜರುಗಿಸಿ ಸರಿಮಾಡಲು ಬಿಡುವುದು ಅದರ ದೊಡ್ಡ ಗುಣ. ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನ ಕೋನಿಗೆ ಅದು ಹಿಡಿಯುವುದಿಲ್ಲ, ಆ ಪ್ಲಾಸ್ಟಿಕ್ಕಿಗೆಂದೇ ಇರುವ ಅಂಟು ಬೇಕು.

ಮೊದಲು ಅಂಚನ್ನು ಕೋನಿಗೆ ಮಾತ್ರ ಅಂಟಿಸಿ ಒಂದು ದಿನ ಒಣಗಲು ಬಿಡಿ. ಎರಡೂ ಕಡೆ ಒಂದೇ ಸಲ ಅಂಟಿಸುವ ಆತುರ ಬೇಡ. ಮರುದಿನ ಕೋನನ್ನು ನಡುಮಧ್ಯಕ್ಕೆ ತರಬೇಕು, ಯಾಕೆಂದರೆ ವಾಯ್ಸ್ ಕಾಯಿಲಿನ ಸುತ್ತ ಇರುವ ಸಂದು ಒಂದು ಮಿಲಿಮೀಟರೂ ಇರುವುದಿಲ್ಲ. ಭದ್ರವಾದ ದಾರಿ: ನಡುವಿನ ಡಸ್ಟ್ ಕ್ಯಾಪನ್ನು ಹರಿತ ಬ್ಲೇಡಿನಿಂದ ಅಂಟಿನ ಗೆರೆಯಲ್ಲೇ ಕತ್ತರಿಸಿ ಎತ್ತಿ, ಕಾಯಿಲಿಗೂ ನಡುವಿನ ಕಬ್ಬಿಣದ ಗೂಟಕ್ಕೂ ಮಧ್ಯೆ ಪಾರದರ್ಶಕ ಪ್ಲಾಸ್ಟಿಕ್ಕಿನ ಒಎಚ್‌ಪಿ ಹಾಳೆಯ ನಾಲ್ಕು ಪಟ್ಟಿಗಳನ್ನು ನಾಲ್ಕು ದಿಕ್ಕಿಗೆ ತೂರಿಸಿ. ಬಿಗಿಯಾಗಿ ಕೂರಬೇಕು, ಒತ್ತಿ ತುರುಕಬಾರದು. ಚೌಕಟ್ಟಿಗೆ ಅಂಚು ಅಂಟಿಸಿ, ಒಣಗಿದ ಮೇಲೆ ಪಟ್ಟಿ ತೆಗೆದು ಕ್ಯಾಪ್ ಮತ್ತೆ ಅಂಟಿಸಿ. ಸಂದು ತೆರೆದಿರುವಾಗ ಕಬ್ಬಿಣದ ಒಂದು ಚೂರು ಬಿದ್ದರೂ ಮ್ಯಾಗ್ನೆಟ್ ಬಿಡುವುದಿಲ್ಲ. ಕ್ಯಾಪ್ ಕತ್ತರಿಸಲು ಮನಸ್ಸಿಲ್ಲದಿದ್ದರೆ ಅಂಟು ಒದ್ದೆಯಿರುವಾಗಲೇ ತೀರಾ ಸಣ್ಣ ದನಿಯಲ್ಲಿ 20-30 ಹರ್ಟ್ಜ್ ಸ್ವರ ಹಾಕಿ, ಉಜ್ಜುವ ಸದ್ದು ನಿಲ್ಲುವವರೆಗೆ ಅಂಚನ್ನು ಕೂದಲೆಳೆಯಷ್ಟು ಸರಿಸುತ್ತಾ ಹೋಗಬಹುದು.

"ಫೋಮ್ ಮತ್ತೆ ಹಾಳಾಗುತ್ತೆ, ರಬ್ಬರ್ ಹಾಕಿಬಿಡಿ" ಎನ್ನುವ ಅಂಗಡಿಯವರ ಮಾತು ಕೇಳಬೇಡಿ. ರಬ್ಬರ್ ಭಾರ, ಬಿಗಿಯೂ ಬೇರೆ. ಕೋನಿನ ಸಹಜ ಕಂಪನದ ಲೆಕ್ಕ ತಪ್ಪುತ್ತದೆ, ದನಿ ಮಂದವಾಗುತ್ತದೆ. ಇನ್ನೊಂದು 15 ವರ್ಷಕ್ಕೆ ಮತ್ತೆ ಫೋಮ್ ಹಾಕುವುದು ದೊಡ್ಡ ಹೊರೆಯೇನಲ್ಲ.

ಮರಳಿ ಕೂರಿಸುವ ಮೊದಲು 1.5 ವೋಲ್ಟಿನ ಪೆನ್ಸಿಲ್ ಸೆಲ್ಲಿನ ಪ್ಲಸ್ಸನ್ನು ಕೆಂಪು ಟರ್ಮಿನಲ್ಲಿಗೆ ಒಂದು ಕ್ಷಣ ತಾಗಿಸಿದರೆ ಕೋನ್ ಹೊರಗೆ ಬರಬೇಕು. ಜೆಬಿಎಲ್‌ನ ಹಳೆಯ ಯೂನಿಟ್‌ಗಳಲ್ಲಿ ಇದು ತಿರುವುಮುರುವು, ಒಳಗೆ ಹೋಗುತ್ತದೆ. ಅದು ದೋಷವಲ್ಲ, ತಂತಿ ಅದಲುಬದಲು ಮಾಡಬೇಡಿ.

ಇನ್ನು ಕೆಪಾಸಿಟರ್. ಟ್ವೀಟರ್ ಕುಗ್ಗಿದೆ, ತಾಳದ ಝಣತ್ಕಾರ ಕೇಳಿಸುತ್ತಿಲ್ಲ ಎಂದಾದರೆ ಟ್ವೀಟರನ್ನು ಬೈಯುವ ಮೊದಲು ಕ್ರಾಸ್‌ಓವರ್ ನೋಡಿ. ಅದರಲ್ಲಿರುವ ನಾನ್‌ಪೋಲಾರ್ (ಪ್ಲಸ್ ಮೈನಸ್ ಭೇದವಿಲ್ಲದ) ಎಲೆಕ್ಟ್ರೊಲೈಟಿಕ್ ಕೆಪಾಸಿಟರಿನೊಳಗಿನ ದ್ರವ ದಶಕಗಳಲ್ಲಿ ಒಣಗುತ್ತದೆ, ಒಳಗಿನ ರೋಧ ಏರುತ್ತದೆ, ಮೈಕ್ರೊಫ್ಯಾರಡ್ ಲೆಕ್ಕ ತಪ್ಪುತ್ತದೆ. ಬದಲಿಗೆ ಬರೆದಷ್ಟೇ ಮೌಲ್ಯ, ಶೇ 5ರೊಳಗಿನ ವ್ಯತ್ಯಾಸ, 100 ವೋಲ್ಟ್. ಎಡ ಬಲ ಎರಡೂ ಪೆಟ್ಟಿಗೆಯಲ್ಲಿ ಒಟ್ಟಿಗೇ ಬದಲಿಸಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಬೇಕಾದ ನಾನ್‌ಪೋಲಾರ್ ಮೌಲ್ಯ ಸಿಗದಿದ್ದರೆ ಎರಡು ಸಾಮಾನ್ಯ ಕೆಪಾಸಿಟರ್‌ಗಳ ಮೈನಸ್ ಕಾಲುಗಳನ್ನು ಬೆಸೆದರೆ ಅರ್ಧ ಮೌಲ್ಯದ ನಾನ್‌ಪೋಲಾರ್ ಆಗುತ್ತದೆ: 10 ಮೈಕ್ರೊಫ್ಯಾರಡ್‌ನ ಎರಡು ಸೇರಿ 5. ಅದಕ್ಕಿಂತ ಒಳ್ಳೆಯ ದಾರಿ ಪ್ರತಿ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಇದೆ. ಸೀಲಿಂಗ್ ಫ್ಯಾನಿನ 2.5, 3.15, 4 ಮೈಕ್ರೊಫ್ಯಾರಡ್‌ನ 440 ವೋಲ್ಟ್ ಕೆಪಾಸಿಟರ್ ನಿಜಕ್ಕೂ ಪಾಲಿಪ್ರೊಪಿಲೀನ್ ಫಿಲ್ಮಿನದು. ಪಕ್ಕಪಕ್ಕ, ಅಂದರೆ ಸಮಾಂತರವಾಗಿ (ಪ್ಯಾರಲಲ್) ಜೋಡಿಸಿದರೆ ಮೌಲ್ಯ ಕೂಡುತ್ತದೆ: 4 ಮತ್ತು 2.5 ಸೇರಿ 6.5. ಗಾತ್ರ ದೊಡ್ಡದು, ಪೆಟ್ಟಿಗೆಯೊಳಗೆ ಜಾಗ ಬೇಕಾದಷ್ಟಿದೆ. ಹೊಸದನ್ನೇ ತನ್ನಿ, ಮೀಟರಿನಲ್ಲಿ ಅಳೆದೇ ಬೆಸೆಯಿರಿ.

ಫಿಲ್ಮ್ ಕೆಪಾಸಿಟರಿನ ಒಳರೋಧ ತುಂಬ ಕಡಿಮೆ, ಮೂಲ ವಿನ್ಯಾಸವಾದರೋ ಎಲೆಕ್ಟ್ರೊಲೈಟಿಕ್‌ನ ಒಳರೋಧವನ್ನೂ ಲೆಕ್ಕಕ್ಕೆ ಹಿಡಿದೇ ಆಗಿರಬಹುದು. ಬದಲಿಸಿದ ಮೇಲೆ ಟ್ವೀಟರಿನ ದನಿ ಕಿವಿಗೆ ಚುಚ್ಚಿದರೆ ಸರಣಿಯಲ್ಲಿ 0.2ರಿಂದ 0.5 ಓಮಿನ ರೆಸಿಸ್ಟರ್ ಸೇರಿಸಿ. ಕ್ರಾಸ್‌ಓವರಿನ ಕಾಯಿಲ್‌ಗಳಿಗೆ ಕೈಹಚ್ಚಬೇಡಿ, ಅವು ಕೆಡುವುದು ತೀರಾ ಅಪರೂಪ.

ಎಆರ್-3ಎಯಂಥ ಪೆಟ್ಟಿಗೆಗಳ ಹಿಂದೆ ಮಿಡ್‌ರೇಂಜ್, ಟ್ವೀಟರಿಗೆ ತಿರುಗಿಸುವ ಗುಂಡಿಗಳಿರುತ್ತವೆ. ಒಳಗಿನ ಲೋಹ ಕಿಲುಬು ಹಿಡಿದು ಯೂನಿಟ್ ಪೂರ್ತಿ ಮೂಕವಾಗುವುದುಂಟು. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಇಪ್ಪತ್ತು ಮೂವತ್ತು ಸಲ ಆ ಕೊನೆಯಿಂದ ಈ ಕೊನೆಗೆ ತಿರುಗಿಸಿದರೆ ಎಷ್ಟೋ ಸಲ "ಸತ್ತ" ಟ್ವೀಟರ್ ಎದ್ದು ಹಾಡುತ್ತದೆ.

ಆಂಪ್ ಎಷ್ಟು ವಾಟಿನದು ಬೇಕು ಎಂಬುದಕ್ಕೆ ಉತ್ತರ ಸ್ಪೀಕರಿನ ವಿವರಪತ್ರದ ಡೆಸಿಬೆಲ್ ಅಂಕಿಯಲ್ಲಿದೆ, ಅಂದರೆ ಒಂದು ವಾಟಿಗೆ ಒಂದು ಮೀಟರ್ ದೂರದಲ್ಲಿ ಅದು ಎಷ್ಟು ಜೋರು ಎಂಬುದರಲ್ಲಿ. ಲಾ ಸ್ಕಾಲಾ ಸುಮಾರು 104, ಎಆರ್9 ಸುಮಾರು 87. ನಡುವಿನ 17 ಡೆಸಿಬೆಲ್ ಎಂದರೆ ವಾಟಿನಲ್ಲಿ ಸುಮಾರು 50 ಪಟ್ಟು: ಒಂದಕ್ಕೆ 2 ವಾಟ್ ಸಾಕಾದ ಕಡೆ ಇನ್ನೊಂದಕ್ಕೆ 100 ಬೇಕು. ಎಆರ್9 ಮೇಲಾಗಿ 4 ಓಮಿನದು, 8 ಓಮಿಗೆ ಮಾತ್ರ ತಾಳುವ ಆಂಪ್ ಬಿಸಿಯಾಗಿ ಒದ್ದಾಡುತ್ತದೆ. ಚಿಕ್ಕ ಆಂಪ್ ಕ್ಷೇಮ ಎಂಬ ನಂಬಿಕೆಯೂ ತಪ್ಪು. ಶಕ್ತಿ ಸಾಲದೆ ಆಂಪ್ ಅಲೆಯ ತಲೆ ಕತ್ತರಿಸತೊಡಗಿದಾಗ ಹುಟ್ಟುವ ಹೆಚ್ಚುವರಿ ತೀಕ್ಷ್ಣ ಕಂಪನವೆಲ್ಲ ಹೋಗಿ ಬೀಳುವುದು ಟ್ವೀಟರಿನ ಮೇಲೆ. ದೊಡ್ಡ ಆಂಪನ್ನು ಮಿತಿಯಲ್ಲಿ ನುಡಿಸುವುದೇ ಸುರಕ್ಷಿತ.

ನಮ್ಮ ಮನೆಗಳಲ್ಲಿ ಸಿಮೆಂಟ್ ಗೋಡೆ, ಟೈಲ್ಸ್ ನೆಲ. 10×12 ಅಡಿಯ ಕೋಣೆಯಲ್ಲಿ 47 ಮತ್ತು 56 ಹರ್ಟ್ಜ್ ಆಸುಪಾಸಿನ ಬೇಸ್ ತಾನಾಗಿಯೇ ಉಬ್ಬುತ್ತದೆ. ಪೆಟ್ಟಿಗೆಯನ್ನು ಮೂಲೆಗೆ ನೂಕಿದರೆ ಬರೀ ಗುಂಯ್‌ಗುಡುತ್ತದೆ. ಹಿಂದಿನ ಗೋಡೆಯಿಂದ ಒಂದೂವರೆ ಅಡಿ, ಪಕ್ಕದ ಗೋಡೆಯಿಂದ ಎರಡು ಅಡಿಯಿಂದ ಶುರುಮಾಡಿ, ಅರ್ಧರ್ಧ ಅಡಿ ಸರಿಸುತ್ತಾ ಕೇಳಿ. ಕ್ಲಿಪ್ಷ್‌ಹಾರ್ನ್ ಇದಕ್ಕೆ ಅಪವಾದ, ಅದಕ್ಕೆ ಮೂಲೆಯೇ ಬೇಕು, ಎರಡು ಗೋಡೆಗಳೇ ಅದರ ಹಾರ್ನಿನ ಮುಂದುವರಿಕೆ. ಎಆರ್9 ಕೂಡ ಹಿಂಗೋಡೆಗೆ ಹತ್ತಿರ ನಿಲ್ಲಲೆಂದೇ ಆದದ್ದು. ಮುಂದೆ ನೆಲಕ್ಕೆ ಒಂದು ದಪ್ಪ ಜಮಖಾನ ಹಾಸಿ, ಕೂರುವ ಜಾಗದ ಹಿಂದೆ ಪುಸ್ತಕದ ಕಪಾಟು ಬರಲಿ. ತಂತಿಗೆ ಸುರಿಯುವ ದುಡ್ಡಿಗಿಂತ ಇದು ಹೆಚ್ಚು ಕೆಲಸ ಮಾಡುತ್ತದೆ.

ಪ್ರತಿದಿನ ನೆಲ ಒರೆಸುವ ಮನೆಯಲ್ಲಿ ಈ ಪೆಟ್ಟಿಗೆಗಳ ದೊಡ್ಡ ಶತ್ರು ಒದ್ದೆ ಬಟ್ಟೆ. ಆ ಕಾಲದ ಬಹುಪಾಲು ಪೆಟ್ಟಿಗೆ ಪಾರ್ಟಿಕಲ್ ಬೋರ್ಡಿನದು, ನೀರು ಕುಡಿದರೆ ಬುಡ ರೊಟ್ಟಿಯಂತೆ ಉಬ್ಬುತ್ತದೆ, ಮತ್ತೆ ಇಳಿಯುವುದಿಲ್ಲ. ಅಡಿಗೆ ಒಂದಿಂಚಿನ ಗ್ರಾನೈಟ್ ತುಂಡು ಅಥವಾ ರಬ್ಬರ್ ಕಾಲು ಕೊಡಿ. ಬೇಸ್ ತೂತಿಗೆ ಒಳಗಿನಿಂದ ಅಗಲ ಕಣ್ಣಿನ ಜಾಲರಿ ಹಾಕಿದರೆ ಇಲಿ ಒಳಹೊಕ್ಕು ಕೋನ್ ಕಡಿಯುವುದು ತಪ್ಪುತ್ತದೆ.

ಅಮೆರಿಕದಲ್ಲಿರುವ ನಮ್ಮವರು ಊರಿಗೆ ಮರಳುವಾಗ ಆಂಪ್ ತರಬೇಕೋ ಸ್ಪೀಕರೋ ಎಂದು ಕೇಳುತ್ತಿರುತ್ತಾರೆ. ಸ್ಪೀಕರ್ ತನ್ನಿ. ಅಲ್ಲಿನ ಆಂಪ್ 120 ವೋಲ್ಟಿನದು, ಇಲ್ಲಿ ಟ್ರಾನ್ಸ್‌ಫಾರ್ಮರ್ ಬೇಕು. ಗೋಡೆಯ ಪ್ಲಗ್ ಇಲ್ಲದ ಸ್ಪೀಕರಿಗೆ ಆ ತಾಪತ್ರಯವಿಲ್ಲ. ಪೆಟ್ಟಿಗೆಯನ್ನು ನಿಲ್ಲಿಸಿಯೇ ಸಾಗಿಸಬೇಕೆಂದು ಬರೆಸಿ, ಕೋನಿನ ಮುಂದೆ ಗ್ರಿಲ್‌ಗಿಂತ ಗಟ್ಟಿಯಾದ ಹಲಗೆ ಕೊಟ್ಟು, ಎಂಟೂ ಮೂಲೆಗೆ ದಪ್ಪ ಥರ್ಮೊಕೋಲ್ ಕಟ್ಟಿಸಿ. ಇಲ್ಲಿ ಬಿಚ್ಚಿದ ಮೇಲೆ, ಆಂಪಿಗೆ ತಂತಿ ಕೊಡುವ ಮೊದಲೇ ಐದು ಬೆರಳಿಟ್ಟು ಕೋನನ್ನು ಇನ್ನೊಮ್ಮೆ ಒತ್ತಿ, ದಾರಿಯಲ್ಲಿ ಮ್ಯಾಗ್ನೆಟ್ ಜರುಗಿದೆಯೇ ಎಂದು ಕಿವಿಗೊಟ್ಟು ಕೇಳಿ.