ಕೆರೆಗೆ ಬಿಟ್ಟ ಆಮೆ

ಕಳೆದ ಡಿಸೆಂಬರ್‌ನಲ್ಲಿ ದಾವಣಗೆರೆಗೆ ಬಂದಾಗ ತಮ್ಮನ ಮನೆಯ ಗಾಜಿನ ತೊಟ್ಟಿ ಖಾಲಿಯಾಗಿತ್ತು. "ಆಮೆ ದೊಡ್ಡದಾಯ್ತು ದೊಡ್ಡಪ್ಪ, ಕಾರ್ತಿಕದ ಕಡೇ ಸೋಮವಾರ ಕುಂದವಾಡ ಕೆರೆಗೆ ಬಿಟ್ಟು ಬಂದ್ವಿ" ಎಂದು ತಮ್ಮನ ಮಗಳು ಹೆಮ್ಮೆಯಿಂದ ಹೇಳಿದಳು. ಅಮ್ಮ ಅದರ ಚಿಪ್ಪಿಗೆ ಅರಿಶಿನ, ಕುಂಕುಮ ಹಚ್ಚಿ ಕಳಿಸಿದ್ದರಂತೆ. ಆ ಮಾತು ನನ್ನನ್ನು ಚುಚ್ಚಿತು.

ವಾಸ್ತುವಿಗೆ ಒಳ್ಳೆಯದೆಂದು ಅಕ್ವೇರಿಯಂ ಅಂಗಡಿಗಳಲ್ಲಿ ಮಾರುವ, ಕಣ್ಣಿನ ಹಿಂದೆ ಕೆಂಪು ಪಟ್ಟೆಯಿರುವ ಈ ಆಮೆ ಅಮೆರಿಕದ ಮಿಸಿಸಿಪ್ಪಿ ನದಿಯ ಕಡೆಯದು. ಕೊಳ್ಳುವಾಗ ಬಿಸ್ಕತ್ತಿನಷ್ಟಿರುವ ಮರಿಯ ಚಿಪ್ಪು ಬೆಳೆದರೆ ಸುಮಾರು ಒಂದು ಅಡಿಯಾಗುತ್ತದೆ. ಪಾಚಿ, ಗೊದಮೊಟ್ಟೆ, ಹುಳು, ಮೀನು ಯಾವುದನ್ನೂ ಬಿಡದೆ ತಿನ್ನುವ ಇದು, ಬಿಸಿಲು ಕಾಯುವ ಕಲ್ಲು, ಕೊರಡುಗಳ ಮೇಲಿನ ಜಾಗವನ್ನೂ ಕಸಿದುಕೊಳ್ಳುತ್ತದೆ. ಯುರೋಪಿನ ಕೊಳದ ಆಮೆಗಳೊಂದಿಗೆ ಇದನ್ನು ಇಟ್ಟು ನೋಡಿದ ಪ್ರಯೋಗಗಳಲ್ಲಿ ಅಲ್ಲಿನ ಆಮೆಗಳು ತೂಕ ಕಳೆದುಕೊಂಡು ಹೆಚ್ಚಾಗಿ ಸತ್ತವು. 1997ರಲ್ಲೇ ಯುರೋಪ್ ಒಕ್ಕೂಟ ಇದರ ಆಮದನ್ನು ನಿಲ್ಲಿಸಿತು.

ನಾನಿರುವ ಫ್ಲಾರಿಡಾದಲ್ಲಿ ಇದೇ ಪಾಠ ಕಲಿಸಿದ್ದು ಬರ್ಮಾದ ಹೆಬ್ಬಾವು. ಸಾಕಿದವರು ಬಿಟ್ಟ, ಸಾಕಣೆ ಕೇಂದ್ರಗಳಿಂದ ತಪ್ಪಿಸಿಕೊಂಡ ಹಾವುಗಳು ಎವರ್‌ಗ್ಲೇಡ್ಸ್ ಜೌಗಿನಲ್ಲಿ ಸಂತಾನ ಬೆಳೆಸಿದವು; ರಸ್ತೆಬದಿಯಲ್ಲಿ ಕಾಣುತ್ತಿದ್ದ ರಕೂನ್ ಎಂಬ ಸಣ್ಣ ಕಾಡುಪ್ರಾಣಿಗಳು ಶೇ 99ರಷ್ಟು ಕಡಿಮೆಯಾಗಿವೆ, ಜೌಗಿನ ಮೊಲಗಳಂತೂ ಕಾಣುತ್ತಲೇ ಇಲ್ಲ ಎಂದು 2012ರ ಅಧ್ಯಯನವೊಂದು ಹೇಳಿತು. ಅಲ್ಲಿನ ವನ್ಯಜೀವಿ ಇಲಾಖೆ, ಸಾಕಲಾಗದ ಹೊರದೇಶದ ಪ್ರಾಣಿಗಳನ್ನು ದಂಡ ಹಾಕದೆ, ಗದರದೆ ಪಡೆದುಕೊಳ್ಳುತ್ತದೆ. ಹಾಗೆ ಪಡೆದುಕೊಳ್ಳುವ ಒಂದು ದಿನ ನಾನು ನೋಡಲು ಹೋಗಿದ್ದೆ. ದಿಂಬಿನ ಚೀಲದಲ್ಲಿ ಹಾವು ತಂದಿದ್ದ ವೃದ್ಧರೊಬ್ಬರು ಸರದಿಯಲ್ಲಿ ನಿಂತಿದ್ದರು. ಪಶುವೈದ್ಯೆ ಅದರ ಬಾಯಿ ತೆರೆದು ನೋಡಿ, ಸಾಕಲು ಮೊದಲೇ ಅನುಮತಿ ಪಡೆದಿದ್ದವರಿಗೆ ಒಪ್ಪಿಸಿದರು. ನಮ್ಮಲ್ಲಿ ಮಾರಿದವರು ವಾಪಸ್ ಪಡೆಯುವುದಿಲ್ಲ, ಎಲ್ಲಿಗೆ ಒಯ್ಯಬೇಕೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಕೊನೆಗೆ ಊರಿಗೆ ಕುಡಿಯುವ ನೀರು ಕೊಡುವ ಕೆರೆಯೇ ದಾರಿಯಾಯಿತು. ನಮ್ಮವರು ಇದನ್ನು ದಯೆ ಎಂದು ನಂಬಿರುವುದೇ ನನಗೆ ಹೆಚ್ಚು ನೋವು ಕೊಡುತ್ತದೆ.

ಆದರೂ ಒಂದು ಮಾತು ಹೇಳಲೇಬೇಕು. ಆಮೆಗಳಿಂದ ಹರಡಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಭಯದಿಂದ 1975ರಲ್ಲಿ ನಾಲ್ಕು ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನು ತನ್ನ ಮಕ್ಕಳಿಗಾಗಿ ನಿಷೇಧಿಸಿದ ಅಮೆರಿಕ, ಅವುಗಳ ರಫ್ತನ್ನು ನಿಲ್ಲಿಸಲಿಲ್ಲ. ಫ್ಲಾರಿಡಾ ಎಚ್ಚೆತ್ತದ್ದೂ ಹೆಬ್ಬಾವು ಕೈಮೀರಿದ ಮೇಲೆಯೇ. ಗದ್ದೆ ಉಳುವಾಗ ಕೆಸರಿನಲ್ಲಿ ಸಿಕ್ಕ ಆಮೆಯನ್ನು ಜೋಪಾನವಾಗಿ ಎತ್ತಿ ಭದ್ರಾ ಕಾಲುವೆಗೆ ಬಿಡುತ್ತಿದ್ದ ನಮ್ಮಪ್ಪನಂಥ ರೈತರನ್ನು ನಾನು ಅಲ್ಲಿ ಕಂಡಿಲ್ಲ. ಆಕ್ರಮಣಕಾರಿ ಹೊರದೇಶದ ಜೀವಿಗಳ ಆಮದು, ಮಾರಾಟಗಳನ್ನು ನಿಯಂತ್ರಿಸುವ ಅಧಿಕಾರವನ್ನು ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಇನ್ನು ಬೇಕಿರುವುದು, ಬೇಡವಾದ ಆಮೆಯನ್ನು ಅಂಜಿಕೆಯಿಲ್ಲದೆ ಒಪ್ಪಿಸಲು ಪ್ರತಿ ಜಿಲ್ಲೆಯಲ್ಲೂ ಒಂದು ಜಾಗ; ಅದು ದಾವಣಗೆರೆಯಿಂದಲೇ ಶುರುವಾಗಲಿ.