ಸಕ್ಕರೆ ಕಾಯಿಲೆ, ಕಣ್ಣಿನ ಲೇಸರ್: ಹರಿದಾಡುತ್ತಿರುವ ಸಂದೇಶಕ್ಕೆ ಸ್ಪಷ್ಟನೆ

“ಸಕ್ಕರೆ ಕಾಯಿಲೆಯವರು ಲೇಸರ್ ಮಾಡಿಸಿದರೆ ಇದ್ದ ದೃಷ್ಟಿಯೂ ಹೋಗುತ್ತದೆ, ಸಕ್ಕರೆ ಹತೋಟಿಗೆ ಬಂದರೆ ಕಣ್ಣು ತಾನಾಗಿಯೇ ಸರಿಹೋಗುತ್ತದೆ” ಎಂಬ ಸಂದೇಶ ಹರಿದಾಡುತ್ತಿದೆ. ಎರಡೂ ತಪ್ಪು.

ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ರೆಟಿನಾದ (ಕಣ್ಣಿನ ಹಿಂಬದಿಯಲ್ಲಿ ಬೆಳಕು ಗ್ರಹಿಸುವ ಪದರ) ಸಣ್ಣ ರಕ್ತನಾಳಗಳು ಸೋರುತ್ತವೆ, ಕೆಲವು ಮುಚ್ಚಿಹೋಗುತ್ತವೆ. ಆಮ್ಲಜನಕ ಸಾಲದೆ ಹುಟ್ಟಿಕೊಳ್ಳುವ ಹೊಸ ನಾಳಗಳು ತೀರಾ ದುರ್ಬಲ. ಒಡೆದರೆ ಕಣ್ಣೊಳಗೆ ರಕ್ತ. ಲೇಸರ್ ರೆಟಿನಾದ ಅಂಚಿನ ಭಾಗದಲ್ಲಿ ಸಾಮಾನ್ಯವಾಗಿ ಸಾವಿರಕ್ಕೂ ಹೆಚ್ಚು ಸಣ್ಣ ಚುಕ್ಕೆಗಳನ್ನು ಸುಟ್ಟು ಆಮ್ಲಜನಕದ ಬೇಡಿಕೆ ತಗ್ಗಿಸುತ್ತದೆ, ಹೊಸ ನಾಳಗಳು ಕುಗ್ಗುತ್ತವೆ. ಪಕ್ಕದ ನೋಟ, ರಾತ್ರಿ ದೃಷ್ಟಿ ಸ್ವಲ್ಪ ಕಡಿಮೆಯಾಗಬಹುದು ನಿಜ. ಅದು ನಡುದೃಷ್ಟಿ ಉಳಿಸಿಕೊಳ್ಳಲು ತೆರುವ ಬೆಲೆ. ತಡವಾಗಿ ಬಂದವರಿಗೆ ಲೇಸರ್ ಆದಮೇಲೂ ರಕ್ತಸ್ರಾವ ಆಗಬಹುದು. ದೂರು ಮಾತ್ರ ಲೇಸರ್ ಮೇಲೆ!

ರೆಟಿನಾದ ನಡುಭಾಗ ಊದಿ ದೃಷ್ಟಿ ಕುಂದಿದ್ದರೆ ಸಾಮಾನ್ಯವಾಗಿ ಮೊದಲ ಆಯ್ಕೆ ಕಣ್ಣೊಳಗೆ ಕೊಡುವ ಇಂಜೆಕ್ಷನ್. ಮರಗಟ್ಟಿಸುವ ಹನಿ ಹಾಕಿ, ಕಪ್ಪುಗುಡ್ಡೆಯ ಅಂಚಿನಿಂದ 3.5–4 ಮಿ.ಮೀ. ಹಿಂದೆ, ಬಿಳಿಭಾಗದ ಮೂಲಕ ಕೊಡುತ್ತಾರೆ, ಶುರುವಿನಲ್ಲಿ ತಿಂಗಳಿಗೊಂದು. ಒಂದೆರಡಕ್ಕೇ ನಿಲ್ಲಿಸಿದರೆ ಊತ ಮರಳುವುದೇ ಹೆಚ್ಚು. ಚುಚ್ಚಿದ ಕೆಲ ದಿನಗಳಲ್ಲಿ ನೋವು ಹೆಚ್ಚಿ ದೃಷ್ಟಿ ಮಂಜಾದರೆ ಸೋಂಕಿರಬಹುದು, ಅದೇ ದಿನ ತೋರಿಸಿ.

ಸಕ್ಕರೆ ಹತೋಟಿ ರೋಗದ ವೇಗ ತಗ್ಗಿಸುತ್ತದೆ, ಬೆಳೆದ ನಾಳಗಳನ್ನು ಅಳಿಸುವುದಿಲ್ಲ. ಬಹಳ ಹೆಚ್ಚಿದ್ದ ಸಕ್ಕರೆ ದಿಢೀರನೆ ಇಳಿದರೆ ಕೆಲವರ ರೆಟಿನಾ ಕೆಲಕಾಲ ಹದಗೆಡುವುದೂ ಉಂಟು. ಹಾಗೆಂದು ಔಷಧ ಬಿಡಬೇಡಿ, ಕಣ್ಣಿನ ತಪಾಸಣೆ ಬೇಗ ಮಾಡಿಸಿ. ಟೈಪ್ 2 ಇರುವವರಿಗೆ ಕಾಯಿಲೆ ಪತ್ತೆಯಾದಾಗಲೇ, ನಂತರ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಹನಿ ಹಾಕಿ ಪಾಪೆ ಹಿಗ್ಗಿಸಿ ಪರೀಕ್ಷೆ ಬೇಕು. ಹನಿಯ ಮಂಜು ಕೆಲವು ಗಂಟೆ ಇರುತ್ತದೆ, ಗಾಡಿ ಓಡಿಸಬೇಡಿ.