ಈ ಕೋಣೆಯ ಮಟ್ಟಿಗೆ ಸುಂದರಿ

ಹುಡುಗಿಯನ್ನು ಹೊಗಳುವಾಗ ಲೆಕ್ಕ ಹಾಕಬಾರದು. ಹಾಕಿದರೂ ಬಾಯಿಬಿಟ್ಟು ಹೇಳಬಾರದು. ಇಷ್ಟೂ ಗೊತ್ತಿಲ್ಲದ ಒಬ್ಬ ಗಂಡಸು 'ಫ್ಲೈಟ್ ಆಫ್ ದಿ ಕಾಂಕಾರ್ಡ್ಸ್' ಅನ್ನೋ ಸರಣಿಯ ಮೊದಲ ಕಂತಿನಲ್ಲಿ ಸಿಗುತ್ತಾನೆ. ಅಮೆರಿಕದ ಎಚ್‌ಬಿಓ ಚಾನೆಲ್‌ನಲ್ಲಿ 2007ರ ಜೂನ್‌ನಲ್ಲಿ ಬಂದ ಕಂತು ಅದು, ಹೆಸರು 'ಸ್ಯಾಲಿ'. ಒಂದು ಪಾರ್ಟಿ ನಡೀತಾ ಇರುತ್ತೆ. ಆ ಕಡೆ ಸ್ಯಾಲಿ ಇದ್ದಾಳೆ, ಈ ಕಡೆ ಜೆಮೇನ್ ಇದ್ದಾನೆ. ಕಣ್ಣಿಗೆ ಬಿದ್ದ ಕೂಡಲೇ ಇವನೊಳಗೆ ಹಾಡು ಶುರು. ನೀನೇ ಅತ್ಯಂತ ಸುಂದರಿ ಅಂತಾನೆ. ಎಲ್ಲಿ? ಈ ಕೋಣೆಯಲ್ಲಿ! ಬೀದಿಗೆ ಬಂದರೆ ಅದು ಯಾವ ಬೀದಿ ಅನ್ನೋದರ ಮೇಲೆ ಹೋಗುತ್ತಂತೆ, ಆದರೂ ಮೊದಲ ಮೂರರಲ್ಲಿ ಖಂಡಿತ ಇರ್ತೀಯ ಅಂತ ಭರವಸೆ ಕೊಡ್ತಾನೆ. ಮಾಡೆಲ್ ಕೂಡ ಆಗಬಹುದಂತೆ, ಆದರೆ ಪಾರ್ಟ್ ಟೈಮ್ ಮಾತ್ರ. ಈಗಿರುವ ಕೆಲಸ ಬಿಡೋದು ಬೇಡವಂತೆ.

ನಗು ಬರುತ್ತೆ, ನಿಜ. ಆದರೆ ನಗುತ್ತಾ ನಗುತ್ತಾ ನನಗೆ ಒಂದು ಅನುಮಾನ. ಇದರಲ್ಲಿ ತಪ್ಪೇನಿದೆ? ಅವನು ಜಗತ್ತಿನ ಹುಡುಗಿಯರನ್ನೆಲ್ಲ ನೋಡಿ ಬಂದಿಲ್ಲ, ಆ ಕೋಣೆಯಲ್ಲಿ ಇದ್ದವರನ್ನು ನೋಡಿದ್ದಾನೆ, ಅಷ್ಟಕ್ಕೆ ಮಾತ್ರ ಮಾತು ಕೊಡ್ತಾನೆ. ಮೂರು ಲೋಕದಲ್ಲಿ ನಿನ್ನಂಥವಳಿಲ್ಲ ಅಂತ ಹಾಡೋರು ಯಾವ ಲೋಕಕ್ಕೂ ಹೋಗಿ ವಿಚಾರಿಸಿರೋದಿಲ್ಲ ಅಲ್ವಾ? ಆದರೂ ಅವರ ಮಾತು ನಡೆಯುತ್ತೆ, ಇವನದು ನಡೆಯೋದಿಲ್ಲ. ಯಾಕೆಂದರೆ ಪ್ರೇಮದಲ್ಲಿ ಅಳತೆ ತೆಗೆದವನ ಕೈಯಲ್ಲಿ ಟೇಪು ಕಂಡುಬಿಡುತ್ತೆ. ನನ್ನನ್ನು ಕೇಳಿದರೆ, ಯಾರಾದರೂ ಒಂದು ಬೀದಿಯ ಮೊದಲ ಮೂರರಲ್ಲಿ ನನಗೆ ಜಾಗ ಕೊಟ್ಟರೆ ನಾನು ವಾರವಿಡೀ ಖುಷಿಯಾಗಿರ್ತೀನಿ. ಬೀದಿ ಚಿಕ್ಕದಾದರೂ ಪರವಾಗಿಲ್ಲ.

ಕಥೆ ಅಂತ ಹೇಳಿಕೊಳ್ಳೋಕೆ ಜಾಸ್ತಿ ಏನಿಲ್ಲ. ನ್ಯೂಜಿಲೆಂಡಿನಿಂದ ನ್ಯೂಯಾರ್ಕಿಗೆ ಬಂದ ಇಬ್ಬರು, ಬ್ರೆಟ್ ಮತ್ತು ಜೆಮೇನ್. ಇಬ್ಬರದೇ ಒಂದು ಬ್ಯಾಂಡು, ಕೈಯಲ್ಲಿ ಗಿಟಾರು, ಜೇಬಲ್ಲಿ ಏನೂ ಇಲ್ಲ, ಮೆಲ್ ಅನ್ನೋ ಒಬ್ಬಳೇ ಒಬ್ಬ ಅಭಿಮಾನಿ, ಅವಳಿಗೂ ಮದುವೆಯಾಗಿದೆ. ಪಾತ್ರ ಮಾಡಿದವರ ಹೆಸರೂ ಬ್ರೆಟ್ ಮೆಕೆಂಜಿ, ಜೆಮೇನ್ ಕ್ಲೆಮೆಂಟ್. ನಿಜ ಜೀವನದಲ್ಲೂ ಅವರದು ಇದೇ ಹೆಸರಿನ ಬ್ಯಾಂಡು, 1998ರಲ್ಲಿ ವೆಲಿಂಗ್ಟನ್‌ನಲ್ಲಿ ಶುರುವಾದದ್ದು. ಹೆಸರು ತಮ್ಮದೇ ಇಟ್ಟುಕೊಂಡು ಅದೃಷ್ಟವನ್ನು ಮಾತ್ರ ಬದಲಾಯಿಸಿಕೊಂಡಿದ್ದಾರೆ. ನಿಜವಾದ ಬ್ಯಾಂಡಿಗೆ 2008ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು, ಕಥೆಯ ಬ್ಯಾಂಡಿಗೆ ಕೇಳೋ ಜನವೇ ಬರಲಿಲ್ಲ.

ಸಿನಿಮಾ ಹಾಡು ನೋಡಿ ಬೆಳೆದ ನಮಗೆ ಒಂದು ನಂಬಿಕೆ ಇದೆ. ಹಾಡು ಶುರುವಾದಾಗ ಅವನೆಲ್ಲೋ ಅವಳೆಲ್ಲೋ, ಎರಡನೇ ಚರಣಕ್ಕೆ ಕೈ ಹಿಡಿದಿರ್ತಾರೆ, ಮುಗಿಯುವಷ್ಟರಲ್ಲಿ ಅರ್ಧ ಸಂಸಾರ ಆಗಿರುತ್ತೆ. ಇಲ್ಲಿ ಹಾಡು ಅಂಥ ಕೆಲಸ ಮಾಡೋದೇ ಇಲ್ಲ. ಅದು ನಡೆಯೋದು ಹೆಚ್ಚಾಗಿ ಅವನ ತಲೆಯೊಳಗೆ. ಹಾಡುವಷ್ಟು ಹೊತ್ತು ದನಿ ಗಟ್ಟಿ, ನಡಿಗೆಯಲ್ಲಿ ಗತ್ತು, ಬೆಳಕು ಕೂಡ ಅವನ ಮಾತು ಕೇಳುತ್ತೆ. ಮುಗಿದ ಮೇಲೆ ಅದೇ ಜಾಗ, ಅದೇ ಮುಖ, ಮತ್ತೆ ಬಾಯಲ್ಲಿ ಮಾತು ಹುಡುಕಬೇಕು. ಆ ಮಾತಂತೂ ದೇವರಿಗೇ ಪ್ರೀತಿ. ಒಂದು ಸಾಲು, ಒಂದು ಮೌನ, ಒಂದು 'ಹೂಂ', ಇನ್ನೂ ಉದ್ದದ ಮೌನ. ಈ ಸರಣಿಯ ಅರ್ಧ ತಮಾಷೆ ಈ ಮೌನಗಳಲ್ಲೇ ಇದೆ ಅಂತ ನನಗನ್ನಿಸುತ್ತೆ. ಹಿನ್ನೆಲೆಯಲ್ಲಿ ನಗುವಿನ ಸದ್ದೂ ಹಾಕಿಲ್ಲ, ನಗಬೇಕಾದರೆ ನಾವೇ ನಗಬೇಕು.

ಸರಿ, ಸ್ಯಾಲಿ ಜೆಮೇನ್ ಜೊತೆ ಅವನ ಮನೆಗೆ ಬರ್ತಾಳೆ. ಕತ್ತಲಲ್ಲಿ ಇಬ್ಬರೂ ಮುತ್ತಿಡುವಾಗ ದೀಪ ಹತ್ತಿಕೊಳ್ಳುತ್ತೆ. ನೋಡಿದರೆ ಬ್ರೆಟ್! ಇರೋದು ಒಂದೇ ಮಲಗುವ ಕೋಣೆ, ಅದರಲ್ಲಿ ಇಬ್ಬರೂ ಪಾಲುದಾರರು. ಅದಕ್ಕಿಂತ ದೊಡ್ಡ ತೊಂದರೆ, ಸ್ಯಾಲಿ ಬ್ರೆಟ್‌ನ ಹಳೇ ಗೆಳತಿ. ಬೇರೆ ಯಾವ ಧಾರಾವಾಹಿಯಾದರೂ ಇಲ್ಲಿ ಗುಡುಗು ಸಿಡಿಲು ಬರ್ತಿತ್ತು, ದ್ರೋಹಿ ಅನ್ನೋ ಮಾತು ಬರ್ತಿತ್ತು. ಇವರಿಗೆ ದೊಡ್ಡ ವಿಷಯವಾಗೋದು ದೀಪ. ಯಾಕೆ ದೀಪ ಹಾಕಿದೆ ಅನ್ನೋದು. ದೊಡ್ಡ ನೋವನ್ನು ಮುಟ್ಟೋಕೆ ಧೈರ್ಯ ಇಲ್ಲದಾಗ ಜನ ಹೀಗೇ ಸ್ವಿಚ್ಚು, ಬಾಗಿಲು, ಟವಲ್ಲು ಅಂತ ಜಗಳ ತೆಗೀತಾರೆ.

ನಡುವೆ ಮ್ಯಾನೇಜರ್ ಮರ್ರೆ ಇದ್ದಾನೆ. ನ್ಯೂಜಿಲೆಂಡ್ ಕಾನ್ಸುಲೇಟಿನ ಉದ್ಯೋಗಿ, ರೀಸ್ ಡಾರ್ಬಿ ಮಾಡಿದ ಪಾತ್ರ. ಬ್ಯಾಂಡಿನ ಮೀಟಿಂಗಿನಲ್ಲಿ ಹಾಜರಿ ಕೂಗ್ತಾನೆ. ಇರೋದು ಮೂರೇ ಜನ, ಎದುರುಬದುರು ಕೂತಿದ್ದಾರೆ, ಆದರೂ ಒಬ್ಬೊಬ್ಬರ ಹೆಸರು ಕೂಗಿ, ಕೊನೆಗೆ ತನ್ನ ಹಾಜರಿಯನ್ನೂ ತಾನೇ ಹಾಕಿಕೊಳ್ತಾನೆ. ರೋಬಾಟ್‌ಗಳ ಬಗ್ಗೆ ಒಂದು ವಿಡಿಯೋ ಮಾಡೋದು ಇದೇ ಕಂತಿನಲ್ಲಿ. ದುಡ್ಡಿಲ್ಲದ ರೋಬಾಟ್‌ಗಳು ಹೇಗಿರ್ತವೆ ಅಂತ ನೀವೇ ನೋಡಿ.

ನನಗೆ ಜಾಸ್ತಿ ಇಷ್ಟವಾದದ್ದು ಸ್ಯಾಲಿ ಬಿಟ್ಟುಹೋದ ಮೇಲಿನ ಹಾಡು. ನಾನು ಅಳ್ತಾ ಇಲ್ಲ ಅಂತ ಹೇಳೋ ಹಾಡು. ಮುಖದ ಮೇಲೆ ಮಳೆ ಬಿದ್ದಿದೆ ಅಷ್ಟೇ. ಈರುಳ್ಳಿ ಹೆಚ್ಚುತ್ತಿದ್ದೆ ಅಷ್ಟೇ. ಇಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು, ನಾವೂ ಕಣ್ಣಿಗೆ ಕಸ ಬಿತ್ತು ಅನ್ನೋ ಜನವೇ. ಆದರೆ ನೆಪ ಹೇಳೋನು ಸುಮ್ನೆ ಇರೋದಿಲ್ಲ, ವಿವರ ಸೇರಿಸ್ತಾನೆ. ಲಸಾನ್ಯಾ ಮಾಡ್ತಿದ್ದೆ ಅಂತಾನೆ, ಒಬ್ಬನಿಗಾಗುವಷ್ಟು. ಆ 'ಒಬ್ಬನಿಗಾಗುವಷ್ಟು' ಯಾರು ಕೇಳಿದ್ರು? ಪಾರ್ಟಿಯಲ್ಲಿ ಕೋಣೆಯನ್ನು ಅಳೆದ ಅದೇ ಮನುಷ್ಯ ಈಗ ತನ್ನ ಅಡುಗೆಯನ್ನೂ ಅಳೆದು ಹೇಳಿ ಸಿಕ್ಕಿಬೀಳ್ತಾನೆ. ಸುಳ್ಳು ಹೇಳುವಾಗಲೂ ಲೆಕ್ಕ ತಪ್ಪಬಾರದು ಅನ್ನೋ ಸ್ವಭಾವ.

ಇಡೀ ಗದ್ದಲದಲ್ಲಿ ನಿಜವಾಗಿ ಒಂಟಿಯಾಗೋನು ಬ್ರೆಟ್. ಹಳೇ ಗೆಳತಿ ಕೈತಪ್ಪಿದ್ದಕ್ಕಿಂತ ಗೆಳೆಯನ ಸಂಜೆಗಳು ಕೈತಪ್ಪಿದ್ದೇ ಅವನಿಗೆ ಸಂಕಟ ಅಂತ ನನ್ನ ಲೆಕ್ಕ. ಅವನು ಅದನ್ನು ಹೇಳೋದಿಲ್ಲ. ಅವನಿಗೆ ಹೇಳೋಕೆ ಬರೋದೂ ಇಲ್ಲ.

ಸರಣಿ 2009ರಲ್ಲಿ ಮುಗೀತು, ಎರಡೇ ಸೀಸನ್, ಒಟ್ಟು 22 ಕಂತು. ಸ್ಯಾಲಿ ಮಾತ್ರ ಅಲ್ಲಿಯವರೆಗೂ ಕಾಯಿಸೋದಿಲ್ಲ, ಐದನೇ ಕಂತಿಗೇ ವಾಪಸ್ ಬರ್ತಾಳೆ. ಅಷ್ಟರಲ್ಲಿ ಇಬ್ಬರೂ ಏನಾದರೂ ಕಲಿತಿರ್ತಾರೆ ಅಂತ ನೀವು ಕಾದು ಕೂತರೆ, ಪಾಪ, ನಿಮ್ಮ ಹಣೆಬರಹ.